ಒಂದೇ ಕಾಡು, ನಾಲ್ಕು ಗೇಟು

ಯುಗಾದಿ ಕಳೆದು ಅಕ್ಷಯ ತೃತೀಯ ಹತ್ತಿರವಾಯಿತೆಂದರೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಕಲ್ಯಾಣ ಮಂಟಪಗಳಿಗೆ ಬಿಡುವಿರುವುದಿಲ್ಲ. ಧಾರೆ, ಬೀಗರ ಔತಣ, ಮನೆದೇವರ ದರ್ಶನ ಎಲ್ಲ ಮುಗಿದ ಮೇಲೆ ಆಷಾಢಕ್ಕೆ ಮದುಮಗಳು ತವರಿಗೆ ಹೋಗುವುದರೊಳಗೆ ಒಂದಿಷ್ಟು ದಿನ ಕೈಗೆ ಸಿಗುತ್ತವೆ. ಆ ದಿನಗಳಲ್ಲಿ ಹೊಸ ಜೋಡಿಗಳು ಕಾರು ಹತ್ತಿ ಹೊರಡುವ ದಾರಿ ಈಗ ಹೆಚ್ಚುಕಡಿಮೆ ಗೊತ್ತುಮಾಡಿದಂತಿದೆ. ನಂಜನಗೂಡು ದಾಟಿ ಗುಂಡ್ಲುಪೇಟೆ, ಬಂಡೀಪುರದೊಳಗಿಂದ ಮುದುಮಲೆಯ ತೆಪ್ಪಕಾಡು, ಅಲ್ಲಿಂದ ಊಟಿ. ಇಳಿದು ಗೂಡಲೂರು, ಸುಲ್ತಾನ್ ಬತ್ತೇರಿ, ಮಾನಂದವಾಡಿ. ಮರಳುವಾಗ ತೋಲ್ಪೆಟ್ಟಿ, ಕುಟ್ಟ, ನಾಗರಹೊಳೆ, ಹುಣಸೂರು. ಮೂರು ರಾಜ್ಯ, ನಾಲ್ಕು ಅರಣ್ಯ, ನೂರಾರು ಫೋಟೊ. ಹೊಸ ಸಂಸಾರದ ಮೊದಲ ಸುತ್ತಾಟವನ್ನು ಹಾಳು ಮಾಡುವ ಉದ್ದೇಶ ಈ ಬರಹಕ್ಕಿಲ್ಲ. ಆದರೆ ಬೇಸಿಗೆಯಲ್ಲಿ ಹೀಗೆ ಕಾಡಿನಿಂದ ಕಾಡಿಗೆ ಓಡುವ ಪ್ರವಾಸದಲ್ಲಿ ಕಾಣಸಿಗುವುದು ಅತಿ ಕಡಿಮೆ, ಅದಕ್ಕೆ ಕಾಡು ತೆರುವ ಬೆಲೆ ಅತಿ ಹೆಚ್ಚು ಎಂಬುದು ನನ್ನ ವಾದ. ದಾಟುವ ಕಾಡುಗಳನ್ನು ಕಡಿಮೆ ಮಾಡಿ, ನಿಲ್ಲುವ ದಿನಗಳನ್ನು ಹೆಚ್ಚು ಮಾಡಿಕೊಂಡರೆ ಜೋಡಿಗೂ ಲಾಭ, ಕಾಡಿಗೂ ಲಾಭ, ದಾರಿಯಲ್ಲಿ ಸಿಗುವ ಊರುಗಳಿಗೂ ಲಾಭ.

ಮೊದಲಿಗೆ ನಕ್ಷೆಯನ್ನೇ ನೋಡಬೇಕು. ಮೈಸೂರು ಮಹಾರಾಜರ ಕಾಲದಲ್ಲಿ, 1931ರಲ್ಲಿ, ಅಭಯಾರಣ್ಯವಾಗಿ ಶುರುವಾದ ಬಂಡೀಪುರ 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಯೋಜನೆ ಪ್ರದೇಶಗಳಲ್ಲಿ ಒಂದಾಯಿತು. ಅದರ ವಾಯವ್ಯಕ್ಕೆ ಕಬಿನಿ ಹಿನ್ನೀರು. ಆಚೆ ದಡದಲ್ಲಿ 1955ರಿಂದ ಸಂರಕ್ಷಿತವಾಗಿರುವ ನಾಗರಹೊಳೆ. ದಕ್ಷಿಣಕ್ಕೆ ಮೋಯಾರ್ ಹೊಳೆ ದಾಟಿದರೆ ತಮಿಳುನಾಡಿನ ಮುದುಮಲೆ. ನೈಋತ್ಯಕ್ಕೆ ಮೂಲೆಹೊಳೆ ಗೇಟು ದಾಟಿದರೆ ಕೇರಳದ ವಯನಾಡು ಅಭಯಾರಣ್ಯ. ಈ ನಾಲ್ಕೂ 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಳ ಮೀಸಲಿನ ಭಾಗಗಳು. ಮತ್ತಿ, ದಿಂಡಿಗ, ಹೊನ್ನೆ, ತೇಗ, ಬಿದಿರು ಬಹುಪಾಲು ಎಲ್ಲ ಕಡೆ ಅವೇ. ಆನೆಗಳಂತೂ ಒಂದೇ ಬಳಗದವು. ಮೇವು, ನೀರು ಎಲ್ಲಿದೆಯೋ ಅಲ್ಲಿಗೆ ಈ ನಾಲ್ಕರೊಳಗೇ ಓಡಾಡುತ್ತವೆ. ಅಂದರೆ ನಾಲ್ಕು ಚೆಕ್‌ಪೋಸ್ಟ್ ದಾಟಿ ಬಂದವರು ಒಂದೇ ಕಾಡನ್ನು, ಅದೂ ಡಾಂಬರು ದಾರಿಯ ಎರಡು ಬದಿಯಷ್ಟನ್ನೇ, ನಾಲ್ಕು ಹೆಸರಿನಲ್ಲಿ ನೋಡಿರುತ್ತಾರೆ. ಬಂಡೀಪುರದೊಳಗೆ ಬತ್ತೇರಿ ರಸ್ತೆ ಹಾದುಹೋಗುವುದು ಸುಮಾರು 20 ಕಿ.ಮೀ. ಊಟಿ ರಸ್ತೆ ಅದಕ್ಕಿಂತಲೂ ಕಡಿಮೆ. ಅರ್ಧ ಮುಕ್ಕಾಲು ಗಂಟೆಯ ದಾರಿ. ರಸ್ತೆಯ ಇಕ್ಕೆಲದಲ್ಲಿ ಇಲಾಖೆ ಗಿಡಗಂಟಿ ಸವರಿ ಮಾಡಿದ ಬಯಲು, ಅದರಾಚೆ ಬಹುತೇಕ ಲಂಟಾನದ ಗೋಡೆ. ಇಷ್ಟನ್ನು ನೋಡಲು ನಾಲ್ಕು ಗೇಟು ದಾಟಬೇಕಿಲ್ಲ.

ರಾಷ್ಟ್ರೀಯ ಉದ್ಯಾನಗಳನ್ನು ಸ್ವಂತ ಕಾರಿನಲ್ಲಿ ಸುತ್ತಬೇಕೆಂಬ ಆಸೆ ಎಲ್ಲಿಂದ ಬಂತೆಂದು ಹುಡುಕಿದರೆ ಅಮೆರಿಕ ಸಿಗುತ್ತದೆ. ಅಲ್ಲಿನ ಯೆಲ್ಲೊಸ್ಟೋನ್ 1872ರಲ್ಲಿ ಉದ್ಯಾನವಾಯಿತು, 1915ರಲ್ಲಿ ಮೋಟಾರು ಕಾರುಗಳಿಗೆ ತೆರೆದುಕೊಂಡಿತು. ಅದರ ವಿಸ್ತೀರ್ಣ ಸುಮಾರು 9,000 ಚದರ ಕಿ.ಮೀ., ಅಂದರೆ ಹತ್ತು ಬಂಡೀಪುರ. ಒಳಗಿನ ರಸ್ತೆಗಳು ನೋಡಲು ಬಂದವರಿಗೆಂದೇ ಹಾಕಿದ ರಸ್ತೆಗಳು. ನಿಲ್ಲಲು ಜಾಗ, ನಡೆಯಲು ಹಾದಿ, ಉಳಿಯಲು ಬಿಡಾರ ಎಲ್ಲವೂ ಲೆಕ್ಕ ಹಾಕಿ ಮಾಡಿದ್ದು. ನಮ್ಮಲ್ಲಿ ಹಾಗಲ್ಲ. ಬಂಡೀಪುರದೊಳಗಿನ ಹೆದ್ದಾರಿಗಳು ಊರಿಂದೂರಿಗೆ ಹೋಗುವ ದಾರಿಗಳು. ಕೋಯಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ವಯನಾಡು, ಬಂಡೀಪುರ ಹಾದು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರಗಳನ್ನು ಒಂದೇ ದಾರಕ್ಕೆ ಪೋಣಿಸಿದೆ. ಅದರಲ್ಲಿ ತರಕಾರಿ ಲಾರಿ, ಬಸ್ಸು, ಆಂಬುಲೆನ್ಸ್ ಓಡಬೇಕು. ಕಾಡಿನೊಳಗೆ ಯಾರೂ ಇಳಿಯಕೂಡದು. ಹೋಗುವುದಕ್ಕಷ್ಟೇ ಬಿಟ್ಟ ದಾರಿಯನ್ನು ನೋಡುವ ಜಾಗವೆಂದುಕೊಂಡದ್ದರಿಂದಲೇ ಅರ್ಧ ತೊಂದರೆ ಹುಟ್ಟಿದೆ. ಹೋಗಲಿ, ಕಾರು ಸಂಸ್ಕೃತಿಯ ತವರಾದ ಅಮೆರಿಕದಲ್ಲೇ ಜೈಯಾನ್ ಉದ್ಯಾನದ ಕಣಿವೆ ರಸ್ತೆಗೆ ಜನಜಂಗುಳಿಯ ತಿಂಗಳುಗಳಲ್ಲಿ ಖಾಸಗಿ ಕಾರು ಬಿಡುವುದನ್ನು 2000ದಲ್ಲಿ ನಿಲ್ಲಿಸಿ, ಉದ್ಯಾನದ ಬಸ್ಸಿನಲ್ಲೇ ಜನರನ್ನು ಕರೆದೊಯ್ಯುವ ಪದ್ಧತಿ ತಂದರು.

ಇನ್ನು ಬೇಸಿಗೆಯ ಮಾತು. ಇದು ಎಲೆ ಉದುರುವ ಕಾಡು. ಶಿವರಾತ್ರಿಯ ಹೊತ್ತಿಗೆ ಮರಗಳು ಬೋಳಾಗಿ, ನೆಲದ ತುಂಬ ತರಗೆಲೆ, ಒಣಹುಲ್ಲು. ಕೆರೆಕಟ್ಟೆಗಳು ತಳ ಕಾಣುತ್ತವೆ. ಸೌರ ಪಂಪುಗಳಿಂದ ನೀರುಗುಂಡಿ ತುಂಬಿಸುವ ಕೆಲಸ ಇಲಾಖೆಗೆ ಬೀಳುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಅದೇ ಬೆಂಕಿಗೆ ಬಲಿಯಾದರು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಸುಟ್ಟುಹೋಗಿ, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಅಶ್ವಿನಿ ಮಳೆ ಸರಿಯಾಗಿ ಬಿದ್ದ ವರ್ಷ ಏಪ್ರಿಲ್ ಕೊನೆಗೆ ಕಾಡು ಚಿಗುರಿಬಿಡುತ್ತದೆ, ಬೆಂಕಿಯ ಭಯ ಇಳಿಯುತ್ತದೆ ಎಂಬುದೂ ನಿಜ. ಆದರೆ ಮಳೆ ಪ್ರತಿ ವರ್ಷ ಪಂಚಾಂಗದ ಮಾತು ಕೇಳುವುದಿಲ್ಲ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ನೀರು ಕೆಲವೇ ಕಡೆ ಉಳಿದಾಗ ಹಿಂಡು ದಿನವೂ ಅಲ್ಲಿಗೆ ಹೋಗಿಬರಬೇಕು, ಹಾಗೆ ಹೋಗಿಬರುವಾಗ ರಸ್ತೆ ದಾಟಲೇಬೇಕು. ಕಾಡಿನ ಜೀವಿಗಳು ಅತಿ ಹೆಚ್ಚು ರಸ್ತೆ ದಾಟಬೇಕಾದ ತಿಂಗಳುಗಳಲ್ಲೇ ನಮ್ಮ ಶಾಲೆಗಳಿಗೆ ರಜೆ, ಮದುವೆಯ ಸುಗ್ಗಿ, ಊಟಿಯ ಸೀಸನ್.

ರಸ್ತೆ ಬದಿಯಲ್ಲಿ ಆನೆ ಕಂಡಾಗ ಆಗುವುದೇನು? ಮುಂದಿನ ಕಾರು ನಿಧಾನಿಸುತ್ತದೆ, ಹಿಂದಿನವು ಒತ್ತಿ ನಿಲ್ಲುತ್ತವೆ, ಎದುರಿನಿಂದ ಬಂದವೂ ನಿಲ್ಲುತ್ತವೆ. ಎರಡು ನಿಮಿಷದಲ್ಲಿ ರಸ್ತೆಯುದ್ದಕ್ಕೂ ಲೋಹದ ಬೇಲಿ ಕಟ್ಟಿದ ಹಾಗಾಗುತ್ತದೆ. ದಾಟಲೆಂದು ಬಂದ ಹಿಂಡು ಮರಿಗಳನ್ನು ನಡುವೆ ಹಾಕಿಕೊಂಡು ಕಾಯುತ್ತದೆ; ಅರ್ಧ ದಾಟಿದ್ದರೆ ಎರಡು ಪಾಲಾಗುತ್ತದೆ. ತಾಯಿ ಆನೆ ಕಿವಿ ಅಗಲಿಸಿ ಎರಡು ಹೆಜ್ಜೆ ಮುಂದೆ ಬಂದರೆ ಅದನ್ನೂ ಮೊಬೈಲಿಗೆ ತುಂಬಿಕೊಳ್ಳುವವರಿದ್ದಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳದ ಬಳಿ ಕಾರಿನಿಂದಿಳಿದು ಆನೆಯೊಂದಿಗೆ ಸೆಲ್ಫಿಗೆ ಹೋದ ವ್ಯಕ್ತಿಯೊಬ್ಬರನ್ನು ಆನೆ ಅಟ್ಟಿಸಿ ಬೀಳಿಸಿತು. ಅವರು ಬದುಕಿ ಉಳಿದದ್ದೇ ಹೆಚ್ಚು; ಇಲಾಖೆ 25,000 ರೂಪಾಯಿ ದಂಡ ಹಾಕಿತು. ಅವರು ದೂರದೂರಿನ ಕಾಡರಿಯದ ಪ್ರವಾಸಿಯಲ್ಲ, ನಂಜನಗೂಡಿನ ಕಡೆಯವರೇ. ಕಾಡಂಚಿನ ತಾಲ್ಲೂಕಿನಲ್ಲಿ ಹುಟ್ಟಿದ ಮಾತ್ರಕ್ಕೆ ಕಾಡಿನ ನಡವಳಿಕೆ ಬಂದುಬಿಡುವುದಿಲ್ಲ. ತಿಂಡಿ ಎಸೆಯುವುದು ಇನ್ನೊಂದು ಚಾಳಿ. ಕಾರಿನಿಂದ ಬಿದ್ದ ಬಿಸ್ಕತ್ತಿಗೆ ಕೋತಿ, ಜಿಂಕೆ ರಸ್ತೆ ಅಂಚಿಗೆ ಒಗ್ಗಿಕೊಳ್ಳುತ್ತವೆ, ಆಮೇಲೆ ಚಕ್ರಕ್ಕೆ ಸಿಗುತ್ತವೆ. ಚಾಮರಾಜನಗರ–ಸತ್ಯಮಂಗಲ ದಾರಿಯ ಆಸನೂರಿನ ಸುತ್ತ ಆನೆಗಳು ಕಬ್ಬಿನ ಲಾರಿಗೆ ಅಡ್ಡ ನಿಂತು ತಮ್ಮ ಪಾಲು ಇಳಿಸಿಕೊಳ್ಳುವುದನ್ನು ವಿಡಿಯೊದಲ್ಲಿ ನೋಡಿ ನಗುವವರು, ಆ ಪಾಠವನ್ನು ಅವಕ್ಕೆ ಕಲಿಸಿದವರು ಯಾರೆಂದೂ ಯೋಚಿಸಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಹಗಲಿಡೀ ಲಾರಿ, ಟಿಪ್ಪರ್, ಬಸ್ಸುಗಳು ಹಾದುಹೋಗುವ ರಸ್ತೆಯಲ್ಲಿ ಹೊಸ ಜೋಡಿಯ ಒಂದು ಕಾರಿನಿಂದ ಆಗುವ ನಷ್ಟ ಎಷ್ಟು? ಒಪ್ಪೋಣ, ಓಟದ ಲೆಕ್ಕದಲ್ಲಿ ಸರಕಿನ ವಾಹನಗಳ ಭಾರವೇ ದೊಡ್ಡದು. ಆದರೆ ಲಾರಿ ಚಾಲಕನಿಗೆ ಸರಕು ತಲುಪಿಸುವ ಅವಸರವಿದೆ, ಅವನು ಸುಮ್ಮನೆ ನಿಲ್ಲುವುದಿಲ್ಲ. ನಿಲ್ಲುವುದು, ಇಳಿಯುವುದು, ಹಾರ್ನ್ ಹೊಡೆದು ಆನೆಯನ್ನು ತಿರುಗಿಸಿಕೊಳ್ಳುವುದು ಪ್ರವಾಸಿ ಕಾರುಗಳು. ಎರಡನೆಯದಾಗಿ, ರಸ್ತೆ ಅಗಲವಾಗಬೇಕು, ರಾತ್ರಿಯೂ ತೆರೆಯಬೇಕು ಎಂಬ ಒತ್ತಾಯ ಬಂದಾಗಲೆಲ್ಲ ವ್ಯಾಪಾರದ ಜೊತೆಗೆ ಪ್ರವಾಸಿಗರ ಹೆಸರನ್ನೂ ಎಳೆದು ತರುತ್ತಾರೆ. ಆ ಇತಿಹಾಸ ಗೊತ್ತಿದ್ದರೆ ಒಳ್ಳೆಯದು. 2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ಪ್ರಶ್ನಿಸಿ ಹೋದವರಿಗೆ ಹೈಕೋರ್ಟಿನಲ್ಲಿ ಜುಲೈನಲ್ಲಿ ಮಧ್ಯಂತರ ಆದೇಶ ಸಿಕ್ಕಿ ನಿಷೇಧ ಮತ್ತೆ ಜಾರಿಯಾಯಿತು. 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ಗೆ, ಕೆಲವೇ ಬಸ್ಸುಗಳಿಗೆ ವಿನಾಯಿತಿಯಿದೆ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮೂಲಕ ಬಳಸುದಾರಿಯಿದೆ. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು, 2019ರಲ್ಲಿ ವಯನಾಡಿನಲ್ಲಿ ಉಪವಾಸ ಸತ್ಯಾಗ್ರಹಗಳೇ ನಡೆದವು. ಅಲ್ಲಿನ ರೈತರ, ರೋಗಿಗಳ ಕಷ್ಟವನ್ನು ಹಗುರವಾಗಿ ಕಾಣಲಾಗದು. ಆದರೆ ರಾತ್ರಿ ದಾಟಲೇಬೇಕಾದ ಪ್ರವಾಸವೆಂಬುದು ಇರಲಾರದು. ಊಟಿಯಿಂದ ತಡವಾಗಿ ಹೊರಟು, ಗೇಟು ಬೀಳುವ ಮುನ್ನ ಮುಟ್ಟಲು ಎಂಟೂವರೆಗೆ ಕಾಡಿನಲ್ಲಿ ಕಾರು ಹಾರಿಸುವವರ ಅವಸರಕ್ಕೆ ವಿನಾಯಿತಿ ಕೇಳುವ ನ್ಯಾಯವಿಲ್ಲ.

ವನ್ಯಜೀವಿಗಳ ಜೊತೆ ಬದುಕುವ ಖರ್ಚನ್ನು ಯಾರು ಭರಿಸುತ್ತಿದ್ದಾರೆಂದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಪ್ರವಾಸಿಗರ ಪಾಲಿಗೆ ನಂಜನಗೂಡು ಕಾಡಿಗೆ ಮುನ್ನ ಸಿಗುವ, ಕಾಫಿಗೆ ನಿಲ್ಲುವ ಊರು. ಆದರೆ ಬಂಡೀಪುರದ ಹೆಡಿಯಾಲ, ಓಂಕಾರ ವಲಯಗಳು ಚಾಚಿಕೊಂಡಿರುವುದು ಇದೇ ತಾಲ್ಲೂಕಿನ ಅಂಚಿಗೆ. ಅಲ್ಲಿನ ಹಳ್ಳಿಗಳಲ್ಲಿ ದನ ಮೇಯಿಸುವವರು, ಹೊಲ ಕಾಯುವವರು ಹುಲಿ, ಆನೆಯ ದಾರಿ ನೋಡಿಕೊಂಡೇ ದಿನ ಕಳೆಯುತ್ತಾರೆ. ತಿ. ನರಸೀಪುರದಲ್ಲಿ ರಾಷ್ಟ್ರೀಯ ಉದ್ಯಾನವೇ ಇಲ್ಲ. ನಾಲೆ ನೀರಿನ ಗದ್ದೆ, ಕಬ್ಬಿನ ಬಯಲು. ಆದರೂ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯ ನಡುವೆ ಆ ತಾಲ್ಲೂಕಿನಲ್ಲಿ ನಾಲ್ವರು ಚಿರತೆ ದಾಳಿಗೆ ಸಿಕ್ಕಿ ಸತ್ತರು. ಅವರಲ್ಲೊಬ್ಬ ಹನ್ನೊಂದು ವರ್ಷದ ಹುಡುಗ. ಸರ್ಕಾರ ಮೈಸೂರಿಗೆ ಚಿರತೆ ಕಾರ್ಯಪಡೆ ರಚಿಸಿತು. ಹಳ್ಳಿಗರು ಕತ್ತಲಾದ ಮೇಲೆ ಹೊರಬರುವುದನ್ನೇ ಬಿಟ್ಟರು. 2025ರ ಅಕ್ಟೋಬರ್–ನವೆಂಬರ್‌ನಲ್ಲಿ ಸರಗೂರು ತಾಲ್ಲೂಕಿನಲ್ಲಿ ರೈತರು ಒಬ್ಬರ ಹಿಂದೊಬ್ಬರು ಹುಲಿಗೆ ಬಲಿಯಾದಾಗ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ, ಚಾರಣ ನಿಲ್ಲಿಸಿ ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಾಕಲು ಸರ್ಕಾರ ಆದೇಶಿಸಿತು. ಪ್ರವಾಸಿಗರನ್ನು ಸುತ್ತಿಸುವ ಜೀಪು, ಚಾಲಕ, ಕಾವಲುಗಾರರೇ ಊರು ಕಾಯಲೂ ಬೇಕಾದವರು ಎಂದು ಆ ಆದೇಶದಿಂದ ತಿಳಿಯುತ್ತದೆ. ಕರ್ನಾಟಕದಲ್ಲಿ 563 ಹುಲಿಗಳಿವೆ ಎಂಬ 2022ರ ಗಣತಿಯ ಹೆಮ್ಮೆಯನ್ನು ನಾವೆಲ್ಲ ಹಂಚಿಕೊಳ್ಳುತ್ತೇವೆ. ಅದರ ಸಾಲ ಮಾತ್ರ ಈ ಕಾಡಂಚಿನವರ ತಲೆಯ ಮೇಲಿದೆ. ಅವರು ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡು ಬದುಕುತ್ತಿರುವಾಗ ಪ್ರವಾಸಕ್ಕೆ ಬಂದವರು ಒಂದೆರಡು ಕಟ್ಟುಪಾಡು ಒಪ್ಪುವುದು ತ್ಯಾಗವೇನಲ್ಲ.

ಬೇಸಿಗೆಯಲ್ಲೇ ತಾನೆ ಪ್ರಾಣಿಗಳು ಚೆನ್ನಾಗಿ ಕಾಣುವುದು ಎನ್ನುವವರಿಗೆ: ನಿಜ, ಆದರೆ ಕಾಣುವ ಜಾಗ ಬೇರೆ. 1974ರಲ್ಲಿ ಕಬಿನಿಗೆ ಅಣೆಕಟ್ಟು ಬಂದಾಗಿನಿಂದ ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಂತೆ ಅದರ ಪಾತ್ರದಲ್ಲಿ ಹಸಿ ಹುಲ್ಲು ಹುಟ್ಟುತ್ತದೆ. ಸುತ್ತಲ ಕಾಡುಗಳ ಆನೆಗಳು ಅಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟು ಸೇರುವ ಜಾಗಗಳಲ್ಲಿ ಇದು ಹೆಸರಾದದ್ದು. ಆನೆ ನೋಡುವ ಆಸೆಯಿದ್ದರೆ ಅಲ್ಲೇ ಎರಡು ದಿನ ಉಳಿದು, ಸಫಾರಿ ತೆರೆದಿದ್ದರೆ ಇಲಾಖೆಯ ವಾಹನದಲ್ಲೋ ದೋಣಿಯಲ್ಲೋ ಹೋಗಿ ದೂರದಿಂದ ಕಣ್ತುಂಬ ನೋಡಬಹುದು. ಮೂರು ರಾಜ್ಯ ಅಲೆದು ರಸ್ತೆಯಂಚಿನಲ್ಲಿ ಒಂದು ಬಾಲ ಕಂಡದ್ದಕ್ಕಿಂತ ಅದು ಎಷ್ಟೋ ಮೇಲು. ಇನ್ನು ರಜೆಯ ಪ್ರಶ್ನೆ. ಆಫೀಸಿನವರು ಕೊಡುವುದೇ ಮದುವೆಯ ಹೊತ್ತಿಗೆ, ಆಮೇಲೆ ಯಾರು ಕೊಡುತ್ತಾರೆ ಎಂಬ ಮಾತು ಸುಳ್ಳಲ್ಲ. ಆದರೆ ನಮ್ಮ ಪದ್ಧತಿಯಲ್ಲೇ ಒಂದು ಸಂದು ಇದೆ. ಆಷಾಢ ಮುಗಿಸಿ ಹೆಣ್ಣು ಗಂಡನ ಮನೆಗೆ ಮರಳುವ ಶ್ರಾವಣದ ಹೊತ್ತಿಗೆ ಮಳೆ ಹಿಡಿದಿರುತ್ತದೆ. ದಸರೆಯ ಹೊತ್ತಿಗೆ ಕಾಡು ಹಸಿರು, ಕೆರೆ ತುಂಬಿರುತ್ತದೆ, ಪ್ರಾಣಿಗಳು ನೀರಿಗಾಗಿ ರಸ್ತೆ ದಾಟುವ ಗೋಳು ಕಡಿಮೆ. ದಸರೆಗೆ ಹೇಗೂ ರಜೆಯಿದೆ. ಬೇಸಿಗೆಯ ರಜೆಯನ್ನು ಕಾಡಿನ ಹೊರಗೆ ಕಳೆದು, ಕಾಡನ್ನು ದಸರೆಗೆ ಇಟ್ಟುಕೊಂಡರೆ ಒಂದು ಪ್ರವಾಸ ಎರಡಾಯಿತು.

ಹೊರಗೆ ನೋಡಲು ಏನಿದೆ ಎಂದು ಕೇಳುವವರು ಈ ಎರಡು ತಾಲ್ಲೂಕುಗಳನ್ನು ಕಿಟಕಿಯಿಂದಷ್ಟೇ ನೋಡಿದವರು. ಕಾಡಿನ ನಡುವಿಂದ ಬರುವ ಅದೇ ಕಬಿನಿ ನಂಜನಗೂಡಿನಲ್ಲಿ ಕಪಿಲೆಯಾಗಿ ಶ್ರೀಕಂಠೇಶ್ವರನ ಸೋಪಾನಕಟ್ಟೆ ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಇಲ್ಲಿನ ಹರಕೆಯಿಂದ ವಾಸಿಯಾಯಿತೆಂದೂ, ಅವನು ಪಚ್ಚೆಯ ಲಿಂಗ ಒಪ್ಪಿಸಿ ದೇವರನ್ನು ಹಕೀಮ ನಂಜುಂಡನೆಂದು ಕರೆದನೆಂದೂ ಹೇಳುತ್ತಾರೆ. ತಿ. ನರಸೀಪುರದಲ್ಲಿ ಗುಂಜಾ ನರಸಿಂಹ, ಹೊಳೆಯಾಚೆ ಅಗಸ್ತ್ಯೇಶ್ವರ. 1989ರಿಂದ ಕುಂಭಮೇಳ ನಡೆಯುತ್ತಿರುವ ಸಂಗಮ. ಅದೇ ತಾಲ್ಲೂಕಿನ ಸೋಮನಾಥಪುರದ ಕೇಶವ ದೇಗುಲ ಹೊಯ್ಸಳ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ್ದು, 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದೆ. ತಲಕಾಡಿನ ಮರಳು, ಮುಡುಕುತೊರೆಯ ಬೆಟ್ಟ ಎರಡೂ ಹತ್ತಿರ. ಮೂರು ದಿನಕ್ಕೆ ಧಾರಾಳ ಸಾಕು. ಗುಂಡ್ಲುಪೇಟೆ, ನಂಜನಗೂಡಿನ ಹೋಟೆಲಿನವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಹಾದುಹೋಗುವ ಕಾರು ಬಿಟ್ಟುಹೋಗುವುದು ಎರಡು ಮಸಾಲೆ ದೋಸೆಯ ದುಡ್ಡು. ಉಳಿಯುವ ಜೋಡಿ ಕೋಣೆ, ಊಟ, ಆಟೊ, ಹೂವು, ಸಿಕ್ಕಿದರೆ ಒಂದು ಚಿಪ್ಪು ರಸಬಾಳೆಯ ದುಡ್ಡನ್ನೂ ಬಿಟ್ಟುಹೋಗುತ್ತದೆ. ಊಟಿಯಂತೂ ಬೇಸಿಗೆಯ ಭಾರ ತಾಳಲಾರದೆ ಬಾಗಿಲು ಅರ್ಧ ಮುಚ್ಚಿದೆ. ಮದ್ರಾಸ್ ಹೈಕೋರ್ಟ್ 2024ರ ಮೇ ತಿಂಗಳಿಂದ ಇ-ಪಾಸ್ ಕಡ್ಡಾಯ ಮಾಡಿಸಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಹಾಕಿತು. ಗುಡ್ಡದ ಮೇಲೆ ಮಿತಿಯಿರುವಾಗ, ಅಲ್ಲಿಗೆ ಹೋಗುವ ಕಾಡಿನ ದಾರಿಗೆ ಅದು ಬೇಡವೇ?

ಕಟ್ಟುಪಾಡಿನಿಂದ ಪ್ರವಾಸ ಸಾಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಕಾರನ್ನು ತಪ್ಪಲಿನಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹತ್ತಬೇಕು. ಜನ ಕಡಿಮೆಯಾಗಿಲ್ಲ, ಶನಿವಾರ ಭಾನುವಾರ ಬಸ್ಸಿಗೆ ಸಾಲು ನಿಲ್ಲುತ್ತಾರೆ. ರೆಸಾರ್ಟಿನ ಬೆಲೆ ಕೇಳಿ ಬೆಚ್ಚುವ ಜೋಡಿಗಳಿಗೂ ಈ ಬಸ್ಸು ಎಟಕುತ್ತದೆ. ಕಾಡು ಉಳ್ಳವರ ಸೊತ್ತಾಗುತ್ತದೆಂಬ ದೂರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಕಾಣೆ. ಹಳೇ ಮೈಸೂರಿನ ಮಂದಿ ಮದುವೆಯಾದ ಮೇಲೆ ಕಾಡಿಗೆ ಹೋಗುವುದು ಹೊಸತೂ ಅಲ್ಲ. ಮನೆದೇವರು ಮಾದಪ್ಪನಾದರೆ ಮಲೆಗೆ, ರಂಗಪ್ಪನಾದರೆ ಬಿಳಿಗಿರಿಗೆ ಹೊಸ ಜೋಡಿಯನ್ನು ಕರೆದೊಯ್ಯುತ್ತಿದ್ದರು, ಈಗಲೂ ಕರೆದೊಯ್ಯುತ್ತಾರೆ. ಬಿಳಿಗಿರಿಯ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬುದು ಆ ಕಾಡಿನ ಕಥೆ; ಸೋಲಿಗರಿಗೆ ಅವನು ಇಂದಿಗೂ ಬಾವ. ಆ ಪ್ರವಾಸಗಳಿಗೆ ಒಂದೇ ಬೆಟ್ಟ, ಒಂದೇ ದೇವರು, ಅಲ್ಲೇ ರಾತ್ರಿ ತಂಗಿ ಮರುದಿನ ಇಳಿಯುವುದು. ಪಟ್ಟಿ ಹಿಡಿದು ಗೇಟು ಎಣಿಸುವ ಅಭ್ಯಾಸ ಅವರಿಗಿರಲಿಲ್ಲ.

ಆಗಬೇಕಾದ ಕೆಲಸ ಕಷ್ಟದ್ದಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ನಂಜನಗೂಡಿನಿಂದಲೇ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರ ಸಫಾರಿ ಕೇಂದ್ರಗಳಿಗೆ ಸಾರಿಗೆ ಸಂಸ್ಥೆ ಹಗಲಿನ ಬಸ್ಸು ಬಿಡಲಿ. ಕಾರು ಊರಲ್ಲೇ ನಿಲ್ಲಲಿ. ನಂಜನಗೂಡು, ಸೋಮನಾಥಪುರ, ತಲಕಾಡುಗಳನ್ನು ಸೇರಿಸಿ ಪ್ರವಾಸೋದ್ಯಮ ಇಲಾಖೆ ಮೂರು ದಿನದ ಸುತ್ತೊಂದನ್ನು ರೂಪಿಸಲಿ. ರಾತ್ರಿ ಸಂಚಾರ ನಿಷೇಧದ ವಿಷಯದಲ್ಲಿ ಸರ್ಕಾರ ಯಾವ ಪಕ್ಷದ್ದಾದರೂ 2010ರ ತೀರ್ಪಿನಿಂದ ಹಿಂದೆ ಸರಿಯದಿರಲಿ. ಈ ಬೇಸಿಗೆಯಲ್ಲಿ ಹೊರಡುವ ಹೊಸ ಜೋಡಿಗಳಿಗೆ ಕೇಳಿಕೊಳ್ಳುವುದಿಷ್ಟೆ: ನಾಲ್ಕರಲ್ಲಿ ಒಂದು ಕಾಡನ್ನು ಆರಿಸಿಕೊಳ್ಳಿ, ಅಲ್ಲಿ ಎರಡು ರಾತ್ರಿ ಇರಿ, ಹಗಲಲ್ಲೇ ದಾಟಿ, ಗೇಟಿನಿಂದ ಗೇಟಿನವರೆಗೆ ಕಾರಿನ ಬಾಗಿಲು ತೆಗೆಯಬೇಡಿ.